ಸ್ಟ್ಯಾಂಡಿನವಳ ಲೆಕ್ಕ

ಸಿನಿಮಾ ನಾನು ನೋಡುವುದಿಲ್ಲ, ಗಾಡಿ ನೋಡಿಕೊಳ್ಳುತ್ತೇನೆ.
ಮಂಡ್ಯದ ಗುತ್ತಲು ರಸ್ತೆ, ಗಿರಿಜಾ ಟಾಕೀಸಿನ ಬಲಮಗ್ಗುಲು,
ತಗಡಿನ ಚಪ್ಪರ, ಒಂದು ಕಾಲು ಗಿಡ್ಡವಾದ ಸ್ಟೂಲು,
ತಂತಿಗೆ ಪೋಣಿಸಿದ ಹಿತ್ತಾಳೆ ಬಿಲ್ಲೆಗಳು.

ಪಿಚ್ಚರು ಗೆದ್ದರೆ ಜನ ಗಾಡಿಗೊರಗಿ ನಿಂತೇ ಇರುತ್ತಾರೆ.
ಬಿಲ್ಲೆ ಎಲ್ಲಿಟ್ಟೆವೆಂದು ಮರೆಯುತ್ತಾರೆ.
ನಾನೇ ಗದರಬೇಕು: ಹೊರಡ್ರಪ್ಪಾ, ಮುಂದಿನ ಶೋಗೆ ಜಾಗ ಬುಡಿ.
ಸೋತರೆ, ಒಂದೇ ಒದೆತಕ್ಕೆ ಎಲ್ಲ ಗಾಡಿಯೂ ಸ್ಟಾರ್ಟು.

ಈ ಶುಕ್ರವಾರ ಬಂದದ್ದು ಕುಂಗ್‌ಫೂ ಪಿಚ್ಚರು,
ಹೊಟ್ಟೆ ಹುಣ್ಣಾಗಿಸುತ್ತದೆ ಅಂತ ಮೇಲೆ ದಪ್ಪಗೆ ಬರೆದಿತ್ತು.
ಪೋಸ್ಟರಿನಲ್ಲಿ ಹೀರೋನ ಒಂದು ಕಾಲು ನೆಲದಲ್ಲಿ,
ಇನ್ನೊಂದು ವಿಲನ್ನಿನ ಹಲ್ಲಿನಲ್ಲಿ.
ಇಂಟರ್ವಲ್ಲಿಗೇ ಮೂವತ್ತು ಬಿಲ್ಲೆ ವಾಪಸ್ಸು ಬಂದವು.

"ಒದೀತಾನೆ ಅಂತ ಕಾದ್ರೆ ಮಾತಾಡ್ತಾನೆ ಕಣಕ್ಕೋ,
ನಗಿಸ್ತಾನೆ ಅಂತ ಕಾದ್ರೆ ಒದೀತಾನೆ.
ಬಾಡೂಟ ಅಂತ ಕರೆದು ಅವರೇಕಾಳು ಇಕ್ಕವ್ರೆ"
ಅಂದ ಕಬ್ಬಿನ ಟ್ರ್ಯಾಕ್ಟರಿನ ಬೋರಲಿಂಗ.
ಅವನ ಜೊತೆಗಾರ ಒಳಗೇ ನಿದ್ದೆ ಹೋಗಿದ್ದ,
ಎಬ್ಬಿಸಲು ಮತ್ತೆ ಟಿಕೆಟ್ಟು ಕೇಳುತ್ತಾರೇನೋ ಅಂತ ಅವನಿಗೆ ಅನುಮಾನ.

ಕರಾಟೆ ಕಲಿಸುವ ಮರಿಸಿದ್ದು ಮಾಸ್ತರು
ಬಿಳೀ ಬಟ್ಟೆಯ ಹನ್ನೊಂದು ಮಕ್ಕಳನ್ನು ಸ್ವಂತ ಕಾಸಿನಲ್ಲಿ ಕರೆತಂದಿದ್ದರು.
"ಪಾದ ತಿರುಗಲ್ಲ, ಸೊಂಟ ತಿರುಗಲ್ಲ,
ಕ್ಯಾಮೆರಾ ಒಂದೇ ತಿರುಗುತ್ತೆ ತಾಯಿ."
ಅಷ್ಟರಲ್ಲಿ ಮಕ್ಕಳು ನನ್ನ ಸ್ಕೂಟರುಗಳ ನಡುವೆ
ಹುಯ್ ಹುಯ್ ಎಂದು ಹೀರೋನ ಹಾಗೇ ಕಾಲೆತ್ತುತ್ತಿದ್ದವು.
ಆರು ತಿಂಗಳ ಪಾಠ ಎರಡು ತಾಸಿಗೆ ತೊಳೆದುಹೋಯಿತೆಂದು
ಮಾಸ್ತರು ಹೆಲ್ಮೆಟ್ಟನ್ನು ತಿರುವುಮುರುವು ಹಾಕಿಕೊಂಡರು.

ಬಿ.ಎಡ್ ಓದುವ ಹುಡುಗಿ ಚಿನ್ಮಯಿ ಕೇಳಿದ್ದು ಬೇರೆ:
"ಮೊದಲನೇ ಸೀನಲ್ಲಿ ಅವಳು ಬ್ಲ್ಯಾಕ್ ಬೆಲ್ಟಂತೆ.
ಕೊನೇಲಿ ಯಾಕೆ ಕಂಬಕ್ಕೆ ಕಟ್ಟಿಸಿಕೊಂಡು ಕಾಯ್ತಾಳೆ?"
ನನಗೇನು ಗೊತ್ತು. ಚಿಲ್ಲರೆ ಕೊಟ್ಟೆ.

ಹಳೇ ಗರಡಿಯ ಜವರಪ್ಪ ಪೈಲ್ವಾನರು ಕಿವಿ ಸವರಿಕೊಂಡು ಬಂದರು,
ಆ ಕಿವಿ ಮುದುಡಿ ನೆಲ್ಲಿಕಾಯಿ ಆಗಿ ಎಷ್ಟೋ ವರುಷ.
"ಬೀಳೋದು ಕಲಿಯೋಕೇ ನಮಗೆ ಎರಡು ವರ್ಷ ಬೇಕಾಯ್ತು.
ಇವರು ಏಟು ತಾಕೋ ಮುಂಚೇನೇ ಮಲಗವ್ರೆ.
ಇಡೀ ಪಿಚ್ಚರಲ್ಲಿ ನಿಜವಾಗಿ ಬಿದ್ದೋನು ಒಬ್ಬನೇ,
ಆ ಹಸಿರು ಬನಿಯನ್ನಿನ ಹುಡುಗ."

ಹಸಿರು ಬನಿಯನ್ನು.
ನಲವತ್ತೇಳನೇ ಬಿಲ್ಲೆಯ ಸ್ಕೂಟಿಯವಳು, ಕೆಂಪರಾಜಿ,
ದಿನಾ ಮ್ಯಾಟಿನಿಗೆ ಬರುತ್ತಾಳೆ.
ಇಂಟರ್ವಲ್ ಮುಗಿದು ಇಪ್ಪತ್ತೇ ನಿಮಿಷಕ್ಕೆ ಹೊರಗೆ.
"ಕೇಳಿಸ್ತಾ ಅಕ್ಕ? ಇವತ್ತೂ ನಕ್ರು!"

ಕೇಳಿಸಿತ್ತು. ಗೋಡೆಯ ಈಚೆ ಕೂತವಳಿಗೆ
ಯಾವ ಡೈಲಾಗು ಯಾವಾಗ ಸಾಯುತ್ತದೆ ಎಂದು ಬಾಯಿಪಾಠ.
ಟಾಕೀಸು ನಗುವುದು ಒಂದೇ ಸಲ,
ಅವಳ ತಮ್ಮ ಮಹಡಿಯಿಂದ ಟೊಮೇಟೊ ಗಾಡಿಗೆ ಬಿದ್ದಾಗ.
ನಾಲ್ಕು ಸೆಕೆಂಡು. ಹೆಸರು ಹಾಕಿಲ್ಲ.

ಪೈಲ್ವಾನರು ಅಂದದ್ದನ್ನು ಅವಳಿಗೆ ಹೇಳಿದೆ,
ಖುಷಿಪಡಲಿ ಅಂತಲೇ ಹೇಳಿದೆ.
ಕೀಲಿ ತಿರುಗಿಸುತ್ತಿದ್ದ ಕೈ ನಿಂತಿತು.
"ಅವ್ರಿಗೆ ಹೆಂಗ್ ಗೊತ್ತಾಯ್ತು?"

ಆಮೇಲೆ ಹೇಳಿದಳು, ಯಾರದೋ ವಿಷಯ ಹೇಳುವ ಹಾಗೆ:
ಹಗ್ಗ ಬಿಟ್ಟಿತ್ತು ಅಕ್ಕ. ಎಡಗೈ ಇನ್ನೂ ಹೆಗಲಿನ ಮೇಲಕ್ಕೆ ಏಳಲ್ಲ.
ಚೆನ್ನಾಗಿ ಬಂದದೆ ಅಂತ ಅದನ್ನೇ ಇಟ್ಕೊಂಡ್ರಂತೆ.
ಅವನೂ ಫೋನಲ್ಲಿ ಅದನ್ನೇ ಕೇಳ್ತಾನೆ ದಿನಾ: ನಕ್ರಾ?

ಗುರುವಾರ ರಾತ್ರಿ ಏಣಿ ಬಂತು, ಪೋಸ್ಟರು ಕಿತ್ತರು.
ಅಂಟು ಗಟ್ಟಿ, ಎತ್ತಿದ ಆ ಕಾಲು ಮಾತ್ರ ಬರಲಿಲ್ಲ.
ಅದರ ಮೇಲೇ ಹೊಸದನ್ನು ಹಚ್ಚಿಹೋದರು, ಸೊಟ್ಟಗೆ.
ಈಗ ಸೀರೆಯುಟ್ಟ ಯಾವಳೋ ಹೀರೋಯಿನ್ನಿನ ಹೆಗಲ ಹಿಂದೆ
ಒಂದು ಬೂಟುಗಾಲು ಚಾಚಿಕೊಂಡಿದೆ.
ಬಂದವರೆಲ್ಲ ಕೇಳುತ್ತಾರೆ, ಇದರಲ್ಲೂ ಫೈಟು ಇದೆಯಾ?